ಕಂಡದ್ದನ್ನು ಕಂಡಂತೆ

ಕಣ್ಣಿದ್ದವರೆಲ್ಲರೂ ನೋಡುತ್ತಾರೆಂಬುದು ಲೋಕದ ನಂಬುಗೆ. ಆದರೆ ಮನೆಯ ಎತ್ತನ್ನೋ ಹಿರಿಯರ ಮುಖವನ್ನೋ ಊರ ಮುಂದಿನ ಗುಡ್ಡವನ್ನೋ ಇದ್ದಂತೆಯೇ ಬರೆಯಬೇಕೆಂದು ಪೆನ್ಸಿಲು ಹಿಡಿದು ಕುಳಿತವನಿಗೆ ನೋಟವೆಂಬುದು ಎಂತಹ ಕಠಿಣ ಅಭ್ಯಾಸವೆಂಬುದು ತಿಳಿಯುತ್ತದೆ.

ನಾವು ಹತ್ತನೆಯ ವಯಸ್ಸಿನಲ್ಲಿ ಮಠದ ಸಂಸ್ಕೃತ ಪಾಠಶಾಲೆಯನ್ನು ಸೇರಿದವರು. ವ್ಯಾಕರಣ, ಕಾವ್ಯ, ಅಲಂಕಾರಗಳ ಅಧ್ಯಯನ ಅಧ್ಯಾಪನಗಳಲ್ಲಿಯೇ ಆಯುಷ್ಯದ ಬಹುಭಾಗ ಸಂದಿತು. ಚಿತ್ರಕಲೆಯ ಪರಿಚಯವೂ ನಮಗೆ ಮೊದಲು ಗ್ರಂಥಗಳಿಂದಲೇ ಆಯಿತು. ಯಶೋಧರನು ತನ್ನ ‘ಜಯಮಂಗಲಾ’ ವ್ಯಾಖ್ಯಾನದಲ್ಲಿ ಚಿತ್ರಕ್ಕೆ ಹೇಳಿರುವ ಆರು ಅಂಗಗಳಲ್ಲಿ ‘ಸಾದೃಶ್ಯ’ವೂ ಒಂದು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಲೋಕದ ವಸ್ತುವನ್ನು ಹೋಲುವ ಚಿತ್ರಕ್ಕೆ ‘ಸತ್ಯ’ವೆಂದೇ ಹೆಸರಿಟ್ಟಿದೆ. ನಿದ್ರಿಸುವವನಲ್ಲಿ ಚೈತನ್ಯವನ್ನೂ, ಮೃತನಲ್ಲಿ ಅದರ ಅಭಾವವನ್ನೂ, ಮೈಯ ತಗ್ಗು ಉಬ್ಬುಗಳನ್ನೂ ತೋರಬಲ್ಲವನೇ ಚಿತ್ರವನ್ನು ಬಲ್ಲವನೆಂಬುದು ಅದರ ಅಭಿಪ್ರಾಯ. ಈ ಮಾತಿಗೆ ವರ್ಷಗಟ್ಟಲೆ ಅರ್ಥ ಹೇಳಿದೆವು. ಆ ಅರ್ಥವು ಕೈಗೆ ಇಳಿದದ್ದು ಸೇವೆಯಿಂದ ನಿವೃತ್ತರಾದ ಮೇಲೆ, ಗದಗ ಸೀಮೆಯ ನಮ್ಮೂರಿನಲ್ಲಿ, ಅಕ್ಕನ ಮನೆಯ ಕಟ್ಟೆಯ ಮೇಲೆ.

ಮೊದಲು ಬರೆದದ್ದು ಅಲ್ಲಿಯ ಖಿಲಾರಿ ಎತ್ತನ್ನು. ಎತ್ತಿಗೆ ಕೊಂಬೆರಡು, ಕಾಲು ನಾಲ್ಕು ಎಂಬುದು ಮಗುವಿಗೂ ಗೊತ್ತು. ಗೊತ್ತಿರುವುದನ್ನೇ ಬರೆದರೆ ಅದು ಗುರುತಾಗುವುದೇ ಹೊರತು ಎತ್ತಾಗುವುದಿಲ್ಲ. ಕೊಂಬು ಬುಡದಿಂದ ಹಿಂದಕ್ಕೆ ಬಾಗಿ ಮತ್ತೆ ಮೇಲೇಳುವ ಪರಿ, ಗಂಗೆದೊಗಲಿನ ಮಡಿಕೆಗಳು, ಹಿಣಿಲಿನ ನೆರಳು ಇವನ್ನೆಲ್ಲ ಆ ಎತ್ತಿನಿಂದಲೇ ಕೇಳಿ ತಿಳಿಯಬೇಕು. ಬಿಳಿಯ ಮೈಯನ್ನು ಪೆನ್ಸಿಲಿನಿಂದ ಬರೆಯಲಾಗದು. ೨ಬಿ, ೪ಬಿ ಪೆನ್ಸಿಲುಗಳಿಂದ ನೆರಳನ್ನಷ್ಟೇ ತುಂಬಿ, ಬೆಳಕಿದ್ದೆಡೆ ಕಾಗದವನ್ನು ಬರಿದಾಗಿ ಬಿಟ್ಟರೆ ಬಿಳುಪು ತಾನೇ ಮೂಡುತ್ತದೆ.

ಭೂದೃಶ್ಯದ ಪಾಠ ಬೇರೆ. ದೂರದ ಕಪ್ಪತಗುಡ್ಡ ತೆಳುವಾಗಿ ಕಾಣುತ್ತದೆ, ಹತ್ತಿರದ ಎರೆಹೊಲ ಗಾಢವಾಗಿ ಕಾಣುತ್ತದೆ. ನಡುವಿನ ಗಾಳಿಯೂ ಧೂಳೂ ದೂರದ ಬಣ್ಣವನ್ನು ತಿಳಿಗೊಳಿಸುವುದೇ ಇದಕ್ಕೆ ಕಾರಣ. ನಮ್ಮ ನಾಡಿನ ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದ ಚಿತ್ರಗಳನ್ನು ನೋಡಿದವರಿಗೆ ಮಂಜೂ ಮೋಡವೂ ಬೆಟ್ಟದಷ್ಟೇ ಮುಖ್ಯವೆಂಬುದು ಮನಗಾಣುತ್ತದೆ.

ಪರದೇಶದ ಒಬ್ಬ ಮಹಾಚಿತ್ರಕಾರನ ನಿದರ್ಶನವೂ ಇಲ್ಲಿ ಉಚಿತವಾಗಿದೆ. ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ ೧೫೦೨ರಲ್ಲಿ ಬರೆದ ಮೊಲದ ಚಿತ್ರ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಅದರ ರೋಮಗಳು ಮೈಯ ಒಂದೊಂದೆಡೆ ಒಂದೊಂದು ದಿಕ್ಕಿಗೆ ಒರಗಿವೆ. ಕಣ್ಣಿನಲ್ಲಿ ಕಿಟಕಿಯ ಪ್ರತಿಬಿಂಬವೂ ಮೂಡಿದೆ. ಅದೇ ಚಿತ್ರಕಾರನು ೧೫೧೫ರಲ್ಲಿ ನಮ್ಮ ದೇಶದ ಘೇಂಡಾಮೃಗವೊಂದರ ಚಿತ್ರವನ್ನು ರಚಿಸಿದನು. ಗುಜರಾತಿನ ಸುಲ್ತಾನನು ಪೋರ್ಚುಗೀಸರಿಗೆ ಕೊಟ್ಟ ಆ ಪ್ರಾಣಿ ಗೋವೆಯಿಂದ ಹಡಗಿನಲ್ಲಿ ಲಿಸ್ಬನ್ನಿಗೆ ಹೋಗಿತ್ತು. ಡ್ಯೂರರನು ಅದನ್ನು ಕಣ್ಣಾರೆ ಕಾಣಲಿಲ್ಲ. ಯಾರೋ ಕಳುಹಿಸಿದ ವರ್ಣನೆಯನ್ನೂ ರೇಖಾಚಿತ್ರವನ್ನೂ ನಂಬಿ ಬರೆದನು. ಆದುದರಿಂದ ಘೇಂಡಾಮೃಗಕ್ಕೆ ಕವಚದಂತಹ ಹಲಗೆಗಳೂ ಹೆಗಲ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬೂ ಬಂದವು. ಎರಡು ಶತಮಾನಕ್ಕೂ ಹೆಚ್ಚು ಕಾಲ ಯೂರೋಪು ಅದನ್ನೇ ನಿಜವೆಂದು ನಂಬಿತು. ಕಂಡು ಬರೆದುದಕ್ಕೂ ಕೇಳಿ ಬರೆದುದಕ್ಕೂ ಇರುವ ಅಂತರವಿದು.

ಇವನ ಇನ್ನೊಂದು ಚಿತ್ರ ನಮ್ಮನ್ನು ಬಹಳವಾಗಿ ತಟ್ಟಿದೆ. ೧೫೧೪ರ ಮಾರ್ಚಿಯಲ್ಲಿ ಇದ್ದಿಲಿನಿಂದ ತನ್ನ ತಾಯಿಯನ್ನು ಬರೆದು, ಆಕೆಗೆ ೬೩ ವರ್ಷವೆಂದು ಅದೇ ಹಾಳೆಯಲ್ಲಿ ನಮೂದಿಸಿದನು. ಆಕೆ ೧೮ ಮಕ್ಕಳನ್ನು ಹೆತ್ತು ಅವರಲ್ಲಿ ಬಹುಪಾಲು ಮಕ್ಕಳನ್ನು ಕಳೆದುಕೊಂಡವಳು. ಬತ್ತಿದ ಕೆನ್ನೆ, ಎದ್ದು ಕಾಣುವ ಎಲುಬು, ಹಣೆಯ ನಿರಿಗೆ ಯಾವುದನ್ನೂ ಮಗನು ಮರೆಮಾಡಲಿಲ್ಲ. ಎರಡು ತಿಂಗಳಲ್ಲಿ ಆ ತಾಯಿ ತೀರಿಕೊಂಡಳು.

ನಾವು ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡವರು. ಆಕೆಯ ಭಾವಚಿತ್ರ ಮನೆಯಲ್ಲಿ ಒಂದೂ ಇಲ್ಲ, ಮುಖ ನೆನಪಿಲ್ಲ. ಸಾಕಿದವಳು ಅಕ್ಕ. ಈಗ ಎಪ್ಪತ್ತೆಂಟು ದಾಟಿರುವ ಆಕೆಯನ್ನು ಎದುರಿಗೆ ಕೂರಿಸಿಕೊಂಡು ಬರೆಯತೊಡಗಿದಾಗ ಅಳಿಯನ ಮಗನು, “ಮೊಬೈಲಿನಲ್ಲಿ ಒಂದು ಕ್ಷಣಕ್ಕೆ ಆಗುತ್ತದಲ್ಲ ಅಜ್ಜಾ” ಎಂದು ನಕ್ಕನು. ನಮಗೆ ಮೂರು ಮಧ್ಯಾಹ್ನಗಳು ಬೇಕಾದವು. ಎರಡನೆಯ ದಿನ ಅಕ್ಕ ಹಾಳೆಯನ್ನು ಇಣುಕಿ, “ಏನೋ ತಮ್ಮಾ, ಗೆರಿ ಎಣಿಸಿ ಎಣಿಸಿ ಬರದೀಯಲ್ಲೋ, ಒಂದೀಟು ಕಡಿಮಿ ಮಾಡಬಾರದೇನು?” ಎಂದು ಮುನಿಸಿಕೊಂಡಳು. ಸತ್ಯವನ್ನು ಬರೆಯುವುದೋ, ಹಿರಿಯಳ ಮನಸ್ಸನ್ನು ಕಾಯುವುದೋ ಎಂಬ ಇಕ್ಕಟ್ಟಿನಲ್ಲಿ ನಾವು ರಬ್ಬರು ಹಿಡಿದು ಕುಳಿತೆವು. ಆಕೆಯೇ ಮತ್ತೊಮ್ಮೆ ಹಾಳೆಯನ್ನು ದಿಟ್ಟಿಸಿ ನೋಡಿ, ಬೆರಳಿಟ್ಟು ತೋರಿ ಹೇಳಿದಳು: “ಗದ್ದದ ಮ್ಯಾಗಿನ ಈ ಕುಳಿ ಅವ್ವಂದು. ಇದನ್ನ ಮಾತ್ರ ಅಳಸಬ್ಯಾಡ.”

ಆ ಬಳಿಕ ಯಾವ ಗೆರೆಯನ್ನೂ ಅಳಿಸಬೇಕಾಗಲಿಲ್ಲ. ಅವ್ವನ ಹುಬ್ಬು, ಅವ್ವನ ನಡೆ, ಅವ್ವ ತಲೆಯ ಮೇಲೆ ಸೆರಗು ಹೊದೆಯುತ್ತಿದ್ದ ಬಗೆ ಎಲ್ಲವೂ ಮೂರನೆಯ ದಿನ ಅಕ್ಕನ ಬಾಯಿಂದ ಬಂದವು. ಅರವತ್ತು ವರ್ಷ ಕೇಳದೆ ಉಳಿದಿದ್ದ ಮಾತುಗಳವು. ಕ್ಯಾಮೆರಾ ಮುಖವನ್ನು ಒಂದು ಕ್ಷಣದಲ್ಲಿ ಹಿಡಿಯಬಲ್ಲುದು, ನಿಜ. ಆದರೆ ಎದುರು ಬದುರು ಕುಳಿತ ಆ ಮಧ್ಯಾಹ್ನಗಳನ್ನು ಅದು ಕೊಡಲಾರದು.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಬರುವ ರಜೆಯಲ್ಲಿ ಮಕ್ಕಳ ಕೈಗೆ ಒಂದು ಪೆನ್ಸಿಲು, ನಾಲ್ಕು ಬಿಳಿಯ ಹಾಳೆ ಕೊಟ್ಟು ಅಜ್ಜಿಯ ಎದುರು ಕೂರಿಸಿರಿ. ಪುಸ್ತಕದ ಚಿತ್ರವನ್ನು ನಕಲು ಮಾಡಲು ಹೇಳಬೇಡಿರಿ, ಕಂಡದ್ದನ್ನೇ ಬರೆಯಲಿ. ಮೂಗು ಸೊಟ್ಟಗಾಗಬಹುದು, ಕಿವಿ ದೊಡ್ಡದಾಗಬಹುದು, ಚಿಂತೆಯಿಲ್ಲ. ಅಜ್ಜಿಯ ಮುಖವನ್ನು ಒಂದು ಗಂಟೆ ಸುಮ್ಮನೆ ನೋಡಿದ ಮಗು ಆಕೆಯನ್ನು ಏನಾದರೂ ಕೇಳದೆ ಏಳುವುದಿಲ್ಲ.