ಚಿಕ್ಕಮ್ಮ ನೋಡಿದ ‘ಆಪ್ತಮಿತ್ರ’

ಮೊನ್ನೆ ರಜೆಗೆ ಬಂದಿದ್ದ ತಂಗಿಯ ಮಗ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ತೋರಿಸಿದ. 1981ರದು. ಲಂಡನ್ನಿನಲ್ಲಿ ಅಮೆರಿಕದ ಹುಡುಗನೊಬ್ಬ ಹುಣ್ಣಿಮೆ ರಾತ್ರಿ ತೋಳವಾಗುವ ಕಥೆ. ನಗುತ್ತಿದ್ದಂತೆ ಹೆದರಿಸುತ್ತದೆ, ಹೆದರುತ್ತಿದ್ದಂತೆ ನಗಿಸುತ್ತದೆ. “ಹೆಂಗೈತೆ ದೊಡ್ಡಮ್ಮ?” ಅಂದ. ತೋಳವೆಂದರೆ ಚಳ್ಳಕೆರೆಯ ಕಾವಲುಗಳಲ್ಲಿ ಕುರಿ ಹೊತ್ತೊಯ್ಯುವ ಪ್ರಾಣಿ ಎಂದು ತಿಳಿದೇ ಬೆಳೆದವಳು ನಾನು, ಅಷ್ಟೇನೂ ಹೆದರಲಿಲ್ಲ. ಆದರೆ ನೋಡನೋಡುತ್ತಲೇ ಮನುಷ್ಯ ಬೇರೆಯೇ ಆಗುವುದನ್ನು ಕಂಡಾಗ ನಮ್ಮ ‘ಆಪ್ತಮಿತ್ರ’ ನೆನಪಾಯಿತು. ಅದರ ಹಿಂದೆಯೇ ಚಿಕ್ಕಮ್ಮ.

ನಾನು ಹೈಸ್ಕೂಲಿನಲ್ಲಿದ್ದಾಗ ಚಿಕ್ಕಮ್ಮ ಬಾಣಂತನಕ್ಕೆಂದು ಮೊಳಕಾಲ್ಮೂರಿಗೆ ಬಂದಿದ್ದಳು. ಮೂರನೇ ವಾರಕ್ಕೆ ಅವಳ ನಿದ್ದೆ ಹೋಯಿತು. ಮಗುವನ್ನು ನೋಡಿ “ಯಾರ್ದಿದು?” ಅನ್ನುತ್ತಿದ್ದಳು. ಒಂದು ರಾತ್ರಿ ಮಗ್ಗದ ಗುಂಡಿಗಿಳಿದು, ಅರ್ಧ ನೇಯ್ದ ಸೀರೆಯ ರೇಷ್ಮೆ ಎಳೆಗಳನ್ನೆಲ್ಲ ಕಿತ್ತುಹಾಕಿ ಕೂತಿದ್ದಳು. ಗಾಳಿ ಮೆಟ್ಟಿದೆ ಎಂದರು. ಬೇವಿನ ಸೊಪ್ಪಿನಲ್ಲಿ ಹೊಡೆದರು. ಎಲೆಗಳೆಲ್ಲ ಉದುರಿದ ಮೇಲೂ ಬರೀ ಕಡ್ಡಿಯಲ್ಲಿ ಹೊಡೆಯುತ್ತಲೇ ಇದ್ದರು. ನೋಡಲು ಬಂದ ಗಂಡ ಬಾಗಿಲಲ್ಲೇ ನಿಂತು ಹೋದವನು ತಿರುಗಿ ಬರಲಿಲ್ಲ. ಕೊನೆಗೆ ಅಪ್ಪ ಯಾರ ಮಾತನ್ನೂ ಕೇಳದೆ ಬೆಂಗಳೂರಿನ ನಿಮ್ಹಾನ್ಸಿಗೆ ಕರೆದೊಯ್ದರು. ಮಾತ್ರೆ ನುಂಗುತ್ತ ನಾಲ್ಕೈದು ತಿಂಗಳಲ್ಲಿ ಮೊದಲಿನ ಚಿಕ್ಕಮ್ಮನಾದಳು.

2004ರಲ್ಲಿ ಅವಳು ಚಳ್ಳಕೆರೆಗೆ ಬಂದಾಗ ಸಿನಿಮಾಕ್ಕೆ ಹೋಗೋಣವೆಂದೆ. ಕಥೆ ಏನೆಂದು ಗೊತ್ತಿರಲಿಲ್ಲ, ಗೊತ್ತಿದ್ದರೆ ಕರೆದೊಯ್ಯುತ್ತಿರಲಿಲ್ಲ. ಆ ವರ್ಷ ಏಪ್ರಿಲಿನಲ್ಲಷ್ಟೇ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದಳು. ಟಾಕೀಸಿನಲ್ಲಿ ಹೆಂಗಸರೇ ಹೆಚ್ಚು.

1993ರ ಮಲಯಾಳಂ ಚಿತ್ರವನ್ನು ಪಿ. ವಾಸು ಕನ್ನಡಕ್ಕೆ ತಂದದ್ದು. ಹಣ ಹಾಕಿದ ದ್ವಾರಕೀಶ್ ತಾವೂ ನಟಿಸಿದ್ದಾರೆ. ಅವರ ಹೆದರಿಕೆಯ ಹಾಸ್ಯಕ್ಕೆ ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನಗೆ ಅದು ತುಸು ಉದ್ದವಾಯಿತು. ಹೊಡೆದಾಟಗಳಂತೂ ಬೇಡವೇ ಬೇಡವಾಗಿತ್ತು. ಆದರೆ ನಗಿಸಿ ನಮ್ಮನ್ನು ಸಡಿಲ ಮಾಡಿ, ಎಲ್ಲರ ಅನುಮಾನವನ್ನೂ ಪ್ರೇಮಾಳ ಪಾತ್ರದ ಮೇಲೆ ತಿರುಗಿಸಿಟ್ಟದ್ದು ಜಾಣತನ. ನಾವೂ “ಇವಳೇ, ಇವಳೇ” ಎಂದೆವು. ಗಂಗೆಯಾಗಿದ್ದವಳು ನಾಗವಲ್ಲಿಯಾಗುವಾಗ ಕೋರೆಹಲ್ಲು, ಉಗುರು ಏನೂ ಬೇಕಾಗಲಿಲ್ಲ. ಹೊರಟವಳನ್ನು ಗಂಡ ತಡೆಯುತ್ತಾನೆ, ಆಕೆಯ ಕಣ್ಣು ಬದಲಾಗುತ್ತದೆ, ಮಂಚವನ್ನೇ ಎತ್ತುತ್ತಾಳೆ. ಮನೆಯಲ್ಲಿ ಬೇಡ ಅನ್ನಿಸಿಕೊಂಡ ಹೆಂಗಸರಿಗೆ ಆ ದೃಶ್ಯ ಬಿಡಿಸಿ ಹೇಳಬೇಕಿಲ್ಲ.

ಕೊನೆಯಲ್ಲಿ ಮಾತ್ರ ನನಗೆ ಸಿಟ್ಟು ಬಂತು. ವಿಷ್ಣುವರ್ಧನ್ ಮನೋವೈದ್ಯ, ಇದು ದೆವ್ವವಲ್ಲ, ಕಾಯಿಲೆ ಎಂದು ಚೆನ್ನಾಗಿಯೇ ವಿವರಿಸುತ್ತಾರೆ. ಆದರೆ ವಾಸಿ ಮಾಡುವುದು ಆಚಾರ್ಯರನ್ನು ಕರೆಸಿ, ಪೂಜೆ ಹೂಡಿ, ಗೊಂಬೆಯ ಮೇಲೆ ಸೇಡು ತೀರಿಸಿಕೊಳ್ಳಲು ಬಿಟ್ಟು. ಲೆಕ್ಕವನ್ನು ಸರಿಯಾಗಿ ಬಿಡಿಸುತ್ತ ಬಂದ ಹುಡುಗ ಕೊನೆಯ ಸಾಲನ್ನು ಪಕ್ಕದವನದು ನೋಡಿ ಬರೆದಂತೆ. ಒಂದೇ ರಾತ್ರಿಗೆ ಎಲ್ಲ ಸರಿ! ಮನೆಯಲ್ಲಿ ರೋಗಿಯಿರುವವರು ಇದನ್ನು ನೋಡಿ ಯಾವ ಬಾಗಿಲಿಗೆ ಹೋಗಬೇಕು?

‘ರಾ ರಾ’ ಹಾಡು ಶುರುವಾದಾಗ ಚಿಕ್ಕಮ್ಮ ನನ್ನ ಕೈ ಹಿಡಿದಳು. ಹಾಡು ತೆಲುಗಿನದು. ರಾಯದುರ್ಗದ ಮಗ್ಗಲಿನವರಾದ ನಮಗೆ ಒಂದೊಂದು ಪದವೂ ಅರ್ಥವಾಗುತ್ತಿತ್ತು. “ಎದ್ದು ಹೋಗೋಣೇನು?” ಅಂದೆ. ಬೇಡವೆಂದು ತಲೆಯಾಡಿಸಿದಳು. ಕೈ ಬಿಡಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬರುವ ತನಕ ನಾನು ಪೂಜೆಯ ವಿಷಯ ಎತ್ತಿ ಬೈಯುತ್ತಲೇ ಇದ್ದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಆಕಿ ಗಂಡ ಬಿಟ್ಟು ಹೋಗಲಿಲ್ಲ ನೋಡವ್ವ,” ಅಂದಳು.

ನನಗೆ ಮಾತು ಹೊರಡಲಿಲ್ಲ. ಮೊಳಕಾಲ್ಮೂರಿನ ಬಸ್ಸು ಬಂತು. ಹತ್ತುವ ಮೊದಲು ತಿರುಗಿ, “ಮುಂದಿನ ವಾರಾನೂ ಇರ್ತದೇನು ಇದು? ಇನ್ನೊಂದ್ ಸಲ ಬರ್ತೀನಿ” ಅಂದಳು.