ಮಾಗಡಿಯ ಅತಿಥಿಗಳು

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಹೆಬ್ಬಾತುಗಳು ಬಂದಿಳಿಯುವ ಸಂಗತಿಯನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ಅವುಗಳನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಬಹುದಿನದ ಹಂಬಲವಾಗಿದ್ದಿತು. ಅಕ್ಕನ ಮನೆ ಆ ಸೀಮೆಯಲ್ಲಿಯೇ ಇದ್ದರೂ ಉದ್ಯೋಗದ ಜಂಜಾಟದಲ್ಲಿ ಅದು ಕೈಗೂಡಿರಲಿಲ್ಲ. ನಿವೃತ್ತನಾದ ಮೇಲೆ, ಒಂದು ಜನವರಿಯಲ್ಲಿ, ಆ ಯೋಗವು ಒದಗಿತು.

ಹೊರಡುವ ಮುನ್ನಾ ದಿನವೇ ಒಂದು ಸಣ್ಣ ವಾದ ನಡೆಯಿತು. ಕೆರೆಯ ಸಮೀಪದಲ್ಲಿರುವ ಅಕ್ಕನ ಕಡಲೆಯ ಹೊಲವನ್ನು ಹಕ್ಕಿಗಳು ರಾತ್ರಿ ಮೇಯುತ್ತಿದ್ದುವಂತೆ. ಅವನ್ನು ಬೆದರಿಸಲು ಸೋದರಳಿಯನು ಪಟಾಕಿಯ ಪೆಟ್ಟಿಗೆಯೊಂದನ್ನು ತಂದಿಟ್ಟಿದ್ದನು. ನಾನು ಅತಿಥಿಧರ್ಮದ ಮೇಲೆ ಉಪನ್ಯಾಸವನ್ನೇ ಕೊಟ್ಟೆನು. ಅಕ್ಕ ರೊಟ್ಟಿ ಬಡಿಯುತ್ತ, “ತಮ್ಮಾ, ನೀ ನೋಡಾಕ ಬಂದಿ, ನಾ ಬಿತ್ತಿ ಕುಂತೀನಿ” ಎಂದಳು. ಮಾತು ಅಲ್ಲಿಗೇ ನಿಂತಿತು.

ಬೆಳಗಿನ ಜಾವ ಮೂವರೂ ಬುತ್ತಿ ಕಟ್ಟಿಕೊಂಡು ಕೆರೆಯ ಏರಿಯನ್ನು ಹತ್ತಿದೆವು. ಮೊದಲು ದನಿ ಕೇಳಿಸಿತು. ಬಳಿಕ ಮೂಡಲ ಕೆಂಪಿನಲ್ಲಿ ಸಾಲುಸಾಲಾಗಿ ಕರಿಯ ರೇಖೆಗಳು ಕಾಣಿಸಿದುವು. ಹೊಲಗಳಲ್ಲಿ ಮೇದು, ಹಗಲನ್ನು ನೀರಿನ ಆಶ್ರಯದಲ್ಲಿ ಕಳೆಯಲು ಅವು ಹಿಂದಿರುಗುತ್ತಿದ್ದುವು. ನೀರಿಗೆ ಇಳಿದಾಗ ಗುರುತು ಸ್ಪಷ್ಟವಾಯಿತು: ಬೂದು ಮೈ, ಬಿಳಿಯ ತಲೆ, ಆ ತಲೆಯ ಹಿಂಭಾಗದಲ್ಲಿ ಎರಡು ಕರಿಯ ಪಟ್ಟೆ, ಹಳದಿ ಕೊಕ್ಕು. ಪಟ್ಟೆತಲೆಯ ಹೆಬ್ಬಾತೆಂಬ ಹೆಸರು ಅನ್ವರ್ಥವಾದುದೇ ಸರಿ.

ಏರಿಯುದ್ದಕ್ಕೂ ನಿಧಾನವಾಗಿ ನಡೆದೆವು. ಹಣೆಯಲ್ಲಿ ಬಿಳಿಯ ಬೊಟ್ಟಿಟ್ಟ ನಾಮದ ಕೋಳಿಗಳು ನೀರಿನಲ್ಲಿ ಮುಳುಗೇಳುತ್ತಿದ್ದುವು. ಕೆಂಪು ಕಡ್ಡಿಯಂತಹ ಕಾಲುಗಳ ಮೆಟ್ಟುಗಾಲು ಹಕ್ಕಿಗಳು ಕೆಸರಿನಲ್ಲಿ ಹುಳುಗಳನ್ನು ಅರಸುತ್ತಿದ್ದುವು. ನಮ್ಮನ್ನು ಕಂಡು ಟಿಟ್ಟಿಭವೊಂದು ಊರಿಗೇ ಕೇಳುವಂತೆ ಕೂಗಿತು. ಆಚೆಯ ದಂಡೆಯಲ್ಲಿ ಹೊಂಬಣ್ಣದ ಚಕ್ರವಾಕಗಳು ಜೋಡಿಯಾಗಿ ಕುಳಿತಿದ್ದುವು. ಇರುಳಾದರೆ ಅವು ಅಗಲುವುವೆಂಬ ಕವಿಸಮಯವನ್ನು ಹೇಳಹೊರಟವನು, ಭಾವನವರು ತೀರಿಕೊಂಡು ಇನ್ನೂ ಎರಡು ವರ್ಷ ತುಂಬಿರಲಿಲ್ಲವೆಂಬುದು ನೆನಪಾಗಿ ಸುಮ್ಮನಾದೆನು. ಅಕ್ಕನೇ ಅವನ್ನು ತುಸು ಹೊತ್ತು ನೋಡಿ, “ಜೋಡಿ ಚಲೋ ಐತಿ” ಎಂದಳು.

ಮಧ್ಯಾಹ್ನ ಜಾಲಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಹೆಬ್ಬಾತುಗಳು ಒಂಟಿಕಾಲಿನಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ನಿದ್ರಿಸುತ್ತಿದ್ದುವು. ಕೆಲವು ಮಾತ್ರ ಕತ್ತೆತ್ತಿ ಕಾವಲಿದ್ದುವು. “ಎಲ್ಲಿಂದ ಬರತಾವ ಇವು?” ಎಂದು ಅಕ್ಕ ಕೇಳಿದಳು. ಮಂಗೋಲಿಯ, ಟಿಬೆಟ್ಟುಗಳ ಸರೋವರಗಳ ಬಳಿ ಇವು ಮರಿ ಮಾಡುವುವು. ಅಲ್ಲಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ದಕ್ಷಿಣಕ್ಕೆ ಹೊರಡುವುವು. ಮೈಗೆ ಸಣ್ಣ ಯಂತ್ರವನ್ನಳವಡಿಸಿ ವಿಜ್ಞಾನಿಗಳು ಪರೀಕ್ಷಿಸಿದಾಗ, ಒಂದು ಹಕ್ಕಿ 7,290 ಮೀಟರ್ ಎತ್ತರಕ್ಕೆ ಏರಿದ್ದು ದಾಖಲಾಯಿತು. ಅಲ್ಲಿಯ ತೆಳುಗಾಳಿಯಿಂದಲೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಇವುಗಳ ರಕ್ತದಲ್ಲಿದೆ. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿಗೆ ಈ ಕೆರೆಯೂ ಸೇರಿತು. ಇವೆಲ್ಲವನ್ನೂ ನಾನು ಉತ್ಸಾಹದಿಂದ ವಿವರಿಸಿದೆನು.

ಅಕ್ಕ ಕೇಳಿಸಿಕೊಂಡು, “ಅಷ್ಟು ದೂರಲಿಂದ ಬಂದು ನನ್ನ ಹೊಲಾನ ಸಿಗಬೇಕೇನು ಇವಕ್ಕ?” ಎಂದಳು. ಮೂವರೂ ನಕ್ಕೆವು.

ಇಳಿಹೊತ್ತಿನಲ್ಲಿ ಹೊಲಕ್ಕೆ ಹೋದಾಗ ಆ ನಗು ಉಳಿಯಲಿಲ್ಲ. ಕೆರೆಯ ಕಡೆಯ ನಾಲ್ಕಾರು ಸಾಲುಗಳ ಕುಡಿಗಳನ್ನು ಕತ್ತರಿಯಾಡಿಸಿದಂತೆ ಕೊಯ್ದುಹಾಕಿದ್ದಿತು. “ನೋಡ್ರಿ ಮಾಮಾ” ಎಂದಷ್ಟೇ ಅಳಿಯ ಹೇಳಿದನು. ಉಪನ್ಯಾಸಕ್ಕೆ ನನ್ನಲ್ಲಿ ಮಾತುಳಿದಿರಲಿಲ್ಲ. ಹಕ್ಕಿಗಳನ್ನು ಪ್ರೀತಿಸುವವನು ನಾನು. ಆ ಪ್ರೀತಿಯ ವೆಚ್ಚವನ್ನು ತೆರುತ್ತಿದ್ದವಳು ಅಕ್ಕ. ಅತಿಥಿಗಳು ಬಂದುದು ಅವಳ ಮನೆಗೆ; ಸತ್ಕಾರದ ಪುಣ್ಯವನ್ನು ಮಾತ್ರ ನಾನು ಹೊತ್ತುಕೊಂಡು ಹೊರಟಿದ್ದೆನು.

ಸಂಕೋಚದಿಂದಲೇ ಜೇಬಿನಲ್ಲಿದ್ದ ಹಣವನ್ನು ತೆಗೆದು, “ಮುಂದಿನ ಬೀಜಕ್ಕೆ ಇದಿರಲಿ, ಅಕ್ಕಾ” ಎಂದೆನು. ಬೇಡವೆನ್ನುವಳೆಂದು ಎಣಿಸಿದ್ದೆನು. ಅವಳು ಹಾಗೆನ್ನಲಿಲ್ಲ, ಹಣವನ್ನೆಣಿಸಿ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಬಳಿಕ ಮಗನ ಕಡೆಗೆ ತಿರುಗಿ, “ಈ ವರ್ಷ ಪಟಾಕಿ ಬ್ಯಾಡ. ಮುಂದಿನ ವರ್ಷದ್ದು ಮುಂದ ನೋಡೂಣು” ಎಂದಳು.

ಮಬ್ಬುಗತ್ತಲಾಗುತ್ತಿದ್ದಂತೆ ಕೆರೆಯ ಕಡೆಯಿಂದ ಆ ದನಿ ಮತ್ತೆ ಕೇಳಿಬಂದಿತು. ಹಕ್ಕಿಗಳ ಸಾಲೊಂದು ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಅಕ್ಕ ಬದುವಿನ ಮೇಲೆ ನಿಂತು, ಅವು ಯಾರ ಹೊಲಕ್ಕೆ ಇಳಿಯುವುವೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.