ರಾಮಟಂಕಿಯ ಬೆಲೆ ಎಷ್ಟು?

ತಿಪಟೂರಿನ ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಹಿತ್ತಾಳೆ ಡಬ್ಬಿಯಿದೆ. ಅದರಲ್ಲಿ ಹದಿನೇಳು ಹಳೆಯ ನಾಣ್ಯಗಳಿವೆ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಮಾತ್ರ ಅವು ಹೊರಗೆ ಬರುತ್ತವೆ. ನಮ್ಮಜ್ಜಿಯ ಕಾಲದಿಂದಲೂ ಅವನ್ನು ಹುಣಸೆಹಣ್ಣು ಹಚ್ಚಿ ಥಳಥಳ ಹೊಳೆಯುವಂತೆ ಉಜ್ಜಿ, ಅರಿಶಿನ ಕುಂಕುಮವಿಟ್ಟು, ಪೂಜೆ ಮುಗಿದ ಮೇಲೆ ಮತ್ತೆ ಡಬ್ಬಿಗೆ ಹಾಕುವುದು ಪದ್ಧತಿ.

ಈ ಹದಿನೇಳರಲ್ಲಿ ಒಂದಕ್ಕೆ ಮಾತ್ರ ವಿಶೇಷ ಮರ್ಯಾದೆ. ಅದು ರಾಮಟಂಕಿ. ಒಂದು ಬದಿಯಲ್ಲಿ ಸಿಂಹಾಸನದ ಮೇಲೆ ಸೀತಾರಾಮರು, ಪಕ್ಕದಲ್ಲಿ ತಮ್ಮಂದಿರು, ಕಾಲ ಬಳಿ ಹನುಮಂತ. ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಅರ್ಧ ಆಣೆ, 1818. "ಇದಕ್ಕೆ ಲಕ್ಷ ರೂಪಾಯಿ ಬೆಲೆ" ಎಂದು ನಮ್ಮಪ್ಪ ಹೇಳುತ್ತಿದ್ದರು. ಯಾರೂ ಎದುರು ಮಾತಾಡಿದವರಿಲ್ಲ.

1991ರಲ್ಲಿ ಮನೆ ಪಾಲಾಯಿತು. ಊರ ಹಿರಿಯರು ಕೂತು, "ನಾಣ್ಯವನ್ನು ಕತ್ತರಿಸಲು ಆಗುವುದಿಲ್ಲ. ಅದು ದೊಡ್ಡವನಿಗೆ ಹೋಗಲಿ. ಬದಲಿಗೆ ಬಾವಿ ಪಕ್ಕದ ಮೂವತ್ತು ತೆಂಗಿನ ಮರ ಚಿಕ್ಕವನಿಗೆ" ಎಂದು ತೀರ್ಮಾನಿಸಿದರು. ನನ್ನ ತಮ್ಮ ಒಪ್ಪಿದ. ಆದರೆ ಮುಂದೆ ಬಾವಿ ಬತ್ತಿತು, ಮರಕ್ಕೆ ರೋಗ ಬಂತು, ಕೊಬ್ಬರಿ ಬೆಲೆ ಇಳಿಯಿತು. ಒಂದೊಂದು ಕಷ್ಟ ಬಂದಾಗಲೂ ಅವನಿಗೆ ರಾಮಟಂಕಿಯ ನೆನಪಾಗುತ್ತಿತ್ತು. "ಅಣ್ಣ ಲಕ್ಷ ಇಟ್ಟುಕೊಂಡ, ನನಗೆ ಸೋಗೆ ಕೊಟ್ಟ" ಎಂದು ಮದುವೆಮನೆಗಳಲ್ಲಿ ನಗುತ್ತಲೇ ಹೇಳುತ್ತಿದ್ದ. ಬರಬರುತ್ತಾ ಆ ನಗುವೂ ಹೋಯಿತು. ನಾಲ್ಕು ವರ್ಷದಿಂದ ಅವನು ದೀಪಾವಳಿಗೆ ನಮ್ಮ ಮನೆಗೆ ಬಂದಿರಲಿಲ್ಲ.

ಕಳೆದ ವರ್ಷ ಒಂದು ದಿನ ಮೊಮ್ಮಗ ಓಡಿಬಂದ. ಎಂಟನೇ ತರಗತಿ ಹುಡುಗ. "ತಾತ, ಮೊಬೈಲಿನಲ್ಲಿ ನೋಡಿ, ನಮ್ಮಂಥದೇ ನಾಣ್ಯ! ಹತ್ತು ಲಕ್ಷ ಕೊಡ್ತಾರಂತೆ. ನೋಂದಣಿಗೆ ಮೊದಲು ಎರಡೂವರೆ ಸಾವಿರ ಕಳಿಸಬೇಕಂತೆ."

ಮಕ್ಕಳೇ, ಕೊಳ್ಳುವವನು ಮಾರುವವನಿಂದಲೇ ಮುಂಗಡ ಕೇಳಿದರೆ ಅಲ್ಲಿಂದ ಎದ್ದುಬಿಡಬೇಕು. ಬಿ.ಕಾಂ. ಓದಿ ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಅಷ್ಟಾದರೂ ಗೊತ್ತು. ಹಳೆಯ ನೋಟು ನಾಣ್ಯಗಳ ವ್ಯಾಪಾರದಲ್ಲಿ ತನ್ನ ಹೆಸರು ಬಳಸಿ ಹಣ ಕೀಳುತ್ತಿದ್ದಾರೆ, ಎಚ್ಚರ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಕೊಟ್ಟಿತ್ತು. "ಹಣ ಕಳಿಸೋದು ಬೇಡ. ತಿಳಿದವರ ಹತ್ತಿರ ನಾವೇ ಹೋಗಿ ಕೇಳೋಣ" ಎಂದೆ. ಬೆಂಗಳೂರಿನಲ್ಲಿ ನಾಣ್ಯ ಮೇಳ ನಡೆಯುವುದಿತ್ತು. ಮನೆಯ ಹಳೆಯ ನಾಣ್ಯ ತಂದವರಿಗೆ ಪುಕ್ಕಟೆಯಾಗಿ ನೋಡಿ ಹೇಳುತ್ತಾರೆ ಎಂದು ಪತ್ರಿಕೆಯಲ್ಲಿ ಬಂದಿತ್ತು.

ಭಾನುವಾರ ಬೆಳಗಿನ ರೈಲು ಹತ್ತಿದೆವು. ಗುಬ್ಬಿ, ತುಮಕೂರು, ಯಶವಂತಪುರ ದಾಟುವವರೆಗೂ ಡಬ್ಬಿ ನನ್ನ ತೊಡೆಯ ಮೇಲೇ ಇತ್ತು. ಬೆಂಗಳೂರಿನಲ್ಲಿ ಇಳಿದು, ಮೆಜೆಸ್ಟಿಕ್ ಹಾದು, ಕೆಂಪೇಗೌಡ ರಸ್ತೆಯಲ್ಲಿ ನಡೆದೆವು. ನಾನು ಹುಡುಗನಾಗಿದ್ದಾಗ ಈ ರಸ್ತೆಯುದ್ದಕ್ಕೂ ಚಿತ್ರಮಂದಿರಗಳು. ಈಗ ಎಷ್ಟೋ ಕಡೆ ಬಟ್ಟೆ ಅಂಗಡಿಗಳು. ಮೈಸೂರು ಬ್ಯಾಂಕ್ ವೃತ್ತ ಮಾತ್ರ ಹೆಸರು ಉಳಿಸಿಕೊಂಡಿದೆ. 1913ರಲ್ಲಿ ಹುಟ್ಟಿದ ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಬ್ಯಾಂಕು ಹೋದರೂ ಬಸ್ಸಿನ ಕಂಡಕ್ಟರ್ ಇನ್ನೂ "ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್" ಎಂದೇ ಕೂಗುತ್ತಾನೆ.

ಮೇಳದ ಸಭಾಂಗಣದೊಳಗೆ ಸಂತೆಯ ಗದ್ದಲ. ಮೇಜುಗಳ ಮೇಲೆ ಗಾಜಿನ ಪೆಟ್ಟಿಗೆಗಳು, ಅಂಚೆಚೀಟಿಯ ಆಲ್ಬಮ್‌ಗಳು, ಹಳೆಯ ನೋಟುಗಳು. ಬೆಲೆ ಹೇಳುವ ಮೇಜಿನ ಮುಂದೆ ಉದ್ದನೆಯ ಸಾಲು. ನಮ್ಮ ಮುಂದಿದ್ದ ಹೆಂಗಸೊಬ್ಬರು ಟ್ರಾಕ್ಟರ್ ಚಿತ್ರದ ಐದು ರೂಪಾಯಿ ನೋಟನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದಕ್ಕೂ ಲಕ್ಷಗಟ್ಟಲೆ ಬರುತ್ತದೆಂದು ಯಾರೋ ಹೇಳಿದ್ದರಂತೆ. "ಅಮ್ಮಾ, ಇದರಲ್ಲಿ ಐದು ರೂಪಾಯಿಯ ಬಾಳೆಹಣ್ಣು ಬರುತ್ತೆ" ಎಂದರು ಮೇಜಿನ ಹಿಂದಿದ್ದ ಹಿರಿಯರು, ನೋಯಿಸದ ದನಿಯಲ್ಲಿ. ಆಕೆಯ ಮುಖ ಬಾಡಿತು. ನನ್ನ ಕೈ ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

ನಮ್ಮ ಸರದಿ ಬಂತು. ಮೊದಲು ಬೆಳ್ಳಿ ರೂಪಾಯಿಗಳು. ಅವರು ಪ್ರತಿಯೊಂದರ ಬಳಿಯೂ ಅಯಸ್ಕಾಂತ ಹಿಡಿದರು. ಬೆಳ್ಳಿ ಅದಕ್ಕೆ ಅಂಟುವುದಿಲ್ಲ. ಆಮೇಲೆ ಪುಟ್ಟ ತಕ್ಕಡಿಯಲ್ಲಿ ತೂಗಿದರು. ಆ ಕಾಲದ ಒಂದು ರೂಪಾಯಿ ಸುಮಾರು 11.66 ಗ್ರಾಂ ಇರಬೇಕು. ನಮ್ಮವು ಸವೆದಿದ್ದರೂ ಪಾಸಾದವು. ಐದನೇ ಜಾರ್ಜ್ ದೊರೆಯ ರೂಪಾಯಿಯನ್ನು ಮೊಮ್ಮಗನ ಕೈಗಿಟ್ಟು, "ದೊರೆಯ ನಿಲುವಂಗಿಯ ಮೇಲೆ ಏನಿದೆ ನೋಡು ಮರಿ" ಎಂದರು. ಭೂತಗನ್ನಡಿಯಲ್ಲಿ ಪುಟ್ಟ ಆನೆ ಕಂಡಿತು. 1911ರಲ್ಲಿ ಮೊದಲು ಬಂದ ನಾಣ್ಯದಲ್ಲಿ ಆ ಆನೆಯ ಸೊಂಡಿಲು ಮೋಟಾಗಿ, ನೋಡಿದವರಿಗೆ ಹಂದಿಯಂತೆ ಕಂಡಿತಂತೆ. ಜನ ಬೇಸರಪಟ್ಟರು. ಸರ್ಕಾರ ನಾಣ್ಯವನ್ನು ಹಿಂದಕ್ಕೆ ಪಡೆದು, ಮರುವರ್ಷ ಸೊಂಡಿಲು ಸರಿಮಾಡಿಸಿತು. ಆ 'ಹಂದಿ ರೂಪಾಯಿ'ಗೆ ಈಗ ಒಳ್ಳೆಯ ಬೆಲೆ. ಮೊಮ್ಮಗ ಆಸೆಯಿಂದ ಇಸವಿ ನೋಡಿದ. ನಮ್ಮದು 1919. "ಬೆಳ್ಳಿಯ ಬೆಲೆಗೆ ಮೋಸವಿಲ್ಲ" ಎಂದು ಅವರು ನಕ್ಕರು.

ಕೊನೆಗೆ ನಾನು ರಾಮಟಂಕಿ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿಯಲೂ ಇಲ್ಲ.

"ಯಜಮಾನರೇ, ಇದು ನಾಣ್ಯ ಅಲ್ಲ."

ಕಾರಣವನ್ನೂ ನಿಧಾನವಾಗಿ ಹೇಳಿದರು. 1835ಕ್ಕೆ ಮೊದಲು ಬಂಗಾಳ, ಬೊಂಬಾಯಿ, ಮದರಾಸು ಆಡಳಿತಗಳಿಗೆ ಬೇರೆ ಬೇರೆ ನಾಣ್ಯಗಳಿದ್ದವು. ಕಂಪನಿ ಎಲ್ಲ ಕಡೆಗೂ ಒಂದೇ ಬಗೆಯ ನಾಣ್ಯ ತಂದದ್ದು 1835ರಲ್ಲಿ. ರಾಮಪಟ್ಟಾಭಿಷೇಕದ ಅರ್ಧ ಆಣೆಯನ್ನು ಅದು ಎಂದೂ ಹೊರಡಿಸಲಿಲ್ಲ. ರಾಮಸೀತೆಯರ ನಿಜವಾದ ನಾಣ್ಯಗಳೂ ಇವೆ. ವಿಜಯನಗರದ ತಿರುಮಲರಾಯನ ಚಿನ್ನದ ವರಹದಲ್ಲಿದ್ದಾರೆ, ಅಕ್ಬರನ ನಾಣ್ಯದಲ್ಲೂ ಇದ್ದಾರೆ. ಆದರೆ ನಮ್ಮದು ಪೂಜೆಗೆಂದು ಎರಕ ಹೊಯ್ದ ಬಿಲ್ಲೆ. ಅಂಚಿನಲ್ಲಿದ್ದ ಸಣ್ಣ ಸಣ್ಣ ಗುಳಿಗಳನ್ನು ತೋರಿಸಿದರು. "ಇಂಥವನ್ನು ಜಾತ್ರೆಗಳಲ್ಲಿ ಮಾರುತ್ತಿದ್ದರು. ನೂರು ರೂಪಾಯಿ ಬಂದರೆ ಹೆಚ್ಚು."

ಅಪ್ಪ ಪ್ರತಿ ವರ್ಷ ಸಿದ್ಧಗಂಗೆಯ ದನದ ಜಾತ್ರೆಗೆ ಹೋಗುತ್ತಿದ್ದುದು ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ನಾಚಿಕೆಯಾಯಿತು. ಕ್ಯಾಷ್ ಕೌಂಟರಿನಲ್ಲಿ ಬೆರಳ ತುದಿಯಿಂದಲೇ ಖೋಟಾ ನೋಟು ಹಿಡಿಯುತ್ತಿದ್ದವನು ನಾನು. ಮನೆಯ ನಾಣ್ಯವನ್ನು ಮೂವತ್ತು ವರ್ಷ ಒಮ್ಮೆಯೂ ಪರೀಕ್ಷೆಗೆ ಒಡ್ಡಲಿಲ್ಲ. ಏಕೆ? ಲಕ್ಷದ ಒಡೆಯ ಅನ್ನಿಸಿಕೊಳ್ಳುವುದು ಹಿತವಾಗಿತ್ತು. ತಮ್ಮನ ಹೊಟ್ಟೆಯುರಿಯಲ್ಲಿ ನನಗೂ ಒಂದಿಷ್ಟು ಬೆಚ್ಚಗಿತ್ತು ಎಂದರೆ ಸುಳ್ಳಲ್ಲ.

ಅಷ್ಟರಲ್ಲಿ ಅವರು ಡಬ್ಬಿಯ ತಳದಿಂದ ಒಂದು ತಾಮ್ರದ ಕಾಸು ಎತ್ತಿದರು. ಅದನ್ನು ನಾವು ಲೆಕ್ಕಕ್ಕೇ ಇಟ್ಟಿರಲಿಲ್ಲ. ಒಂದು ಬದಿಯಲ್ಲಿ ಆನೆ. ಇನ್ನೊಂದು ಬದಿಯನ್ನು ಮೊಮ್ಮಗನೇ ತಡವರಿಸಿ ಓದಿದ: "ಮ...ಯಿಲಿ ಕಾಸು! ತಾತ, ಕನ್ನಡ!" ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ನಾಣ್ಯ. ಹೆಚ್ಚು ಕಡಿಮೆ ಇನ್ನೂರು ವರ್ಷದ್ದು. ಮೊಮ್ಮಗನ ಕಣ್ಣು ಅರಳಿತು. ಹಿರಿಯರು ಮಾತ್ರ ನಿಟ್ಟುಸಿರು ಬಿಟ್ಟರು.

"ಹುಣಸೆಹಣ್ಣು ಹಾಕಿ ಉಜ್ಜಿದ್ದೀರಾ?"

"ವರ್ಷಾ ವರ್ಷಾ" ಎಂದೆ.

"ಹಾಗೇ ಬಿಟ್ಟಿದ್ದರೆ ಕೆಲವು ನೂರಾದರೂ ಬರುತ್ತಿತ್ತು. ಹಳೆಯ ತಾಮ್ರದ ಆ ಕಂದು ಬಣ್ಣವೇ ಅದರ ಚರ್ಮ ಇದ್ದ ಹಾಗೆ. ನೀವು ಚರ್ಮ ಸುಲಿದಿದ್ದೀರಿ."

ಮೊಮ್ಮಗನಿಗೆ ಅವರು ನಾಲ್ಕು ಬುದ್ಧಿಮಾತು ಹೇಳಿದರು. ನಾಣ್ಯವನ್ನು ಉಜ್ಜಬಾರದು. ಅಂಚಿನಲ್ಲಿ ಹಿಡಿಯಬೇಕು, ಮುಖಕ್ಕೆ ಬೆರಳು ತಾಕಿಸಬಾರದು. ನೆಲ ಅಗೆಯುವಾಗ ನಿಧಿ ಸಿಕ್ಕರೆ ಬಚ್ಚಿಡಬಾರದು. 1878ರ ಕಾಯಿದೆಯ ಪ್ರಕಾರ, ಅದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ಪ್ರಾಚೀನ ವಸ್ತುವನ್ನು 1972ರ ಕಾಯಿದೆಯಂತೆ ನಾವು ನೀವು ವಿದೇಶಕ್ಕೆ ಸಾಗಿಸುವಂತಿಲ್ಲ.

ಹೊರಗೆ ಬಂದು ಹೋಟೆಲಿನಲ್ಲಿ ಕೂತೆವು. ಮೊಮ್ಮಗ ಮಸಾಲೆದೋಸೆ ಮುಗಿಸುವವರೆಗೆ ಯೋಚಿಸಿ, ತಮ್ಮನಿಗೆ ಫೋನು ಮಾಡಿದೆ.

"ಆ ರಾಮಟಂಕಿ ಖೋಟಾ ಕಣೋ. ನೂರು ರೂಪಾಯಿಯೂ ಬಾಳಲ್ಲ."

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ನಗುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದುಕೊಂಡಿದ್ದೆ.

"ಹಾಗಾದ್ರೆ ಮೋಸ ಹೋದವನು ನೀನು ಅಣ್ಣ" ಎಂದ, ಸಣ್ಣ ದನಿಯಲ್ಲಿ. "ಮೂವತ್ತು ಮರ ನನ್ನ ಹತ್ರ ಇದೆ."

"ನನಗೆ ಸಂಬಳ ಇತ್ತಲ್ಲೋ. ನಿನಗೆ ಮರ ಬಿಟ್ಟರೆ ಏನಿತ್ತು?" ಎಂದೆ. ಈ ಮಾತನ್ನು 1991ರಲ್ಲೇ ಹೇಳಬಹುದಿತ್ತು.

ಮನೆಗೆ ಬಂದ ಮೇಲೆ ಮೊಮ್ಮಗ ಒಂದೊಂದು ನಾಣ್ಯಕ್ಕೂ ಒಂದೊಂದು ಕಾಗದದ ಲಕೋಟೆ ಮಾಡಿ, ಯಾವ ಕಾಲದ್ದು, ಯಾರಿಂದ ಬಂದದ್ದು ಎಂದು ಬರೆದಿಟ್ಟ. ರಾಮಟಂಕಿಯ ಲಕೋಟೆಯ ಮೇಲೆ "ನಾಣ್ಯ ಅಲ್ಲ. ಮುತ್ತಾತನ ಪೂಜೆಯದು" ಎಂದು ಬರೆದ. ಅದು ಈಗಲೂ ದೇವರ ಗೂಡಿನಲ್ಲೇ ಇದೆ. ಅಪ್ಪ ಕೈಮುಗಿದ ವಸ್ತು, ಎಲ್ಲಿಗೆ ಹಾಕುವುದು?

ಆ ದೀಪಾವಳಿಯಲ್ಲಿ ಯಾರೂ ನಾಣ್ಯ ಉಜ್ಜಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ತಮ್ಮ ಒಂದು ಚೀಲ ತೆಂಗಿನಕಾಯಿ ಇಳಿಸಿ, ಏನೂ ಹೇಳದೆ ಒಳಗೆ ಹೋಗಿ ಕಾಲು ತೊಳೆದುಕೊಂಡ. ನಾನು ಕಾಯಿ ಎಣಿಸಿದೆ. ಕ್ಯಾಷಿಯರ್ ಬುದ್ಧಿ, ಎಲ್ಲಿ ಬಿಡುತ್ತೆ? ಸರಿಯಾಗಿ ಮೂವತ್ತಿದ್ದವು.